ಫಾದರ್ ಕೂತರೂ ಪೇಟಿ ನಿಲ್ಲಲಿಲ್ಲ: ಚರ್ಚ್ ಆರ್ಗನ್ ಮೇಲೆ ಆಶುವಾದನ ಕಲಿಯುವ ಬಗೆ

ಚರ್ಚಿನಲ್ಲಿ ಪರಮಪ್ರಸಾದ ಹಂಚುವುದಕ್ಕೆ ಎಷ್ಟು ಹೊತ್ತು ಬೇಕು? ಮೊದಲೇ ಹೇಳಲು ಬರುವುದಿಲ್ಲ. ಬೆಳಗಾವಿಯ ಜುಲೈ ಮಳೆಯಲ್ಲಿ ಮೂವತ್ತು ಜನ ಬಂದಿದ್ದರೆ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಕ್ರಿಸ್‌ಮಸ್ ರಾತ್ರಿ ಸಾಲು ಬಾಗಿಲು ದಾಟಿ ಹೊರಗೆ ಹೋಗಿರುತ್ತದೆ. ಹಾಡಿನ ಪುಸ್ತಕಕ್ಕೆ ಇದೆಲ್ಲ ಗೊತ್ತಿಲ್ಲ. ಅದರಲ್ಲಿ ನಾಲ್ಕು ಚರಣ ಅಂದರೆ ನಾಲ್ಕೇ. ಚರಣ ಮುಗಿದಿದೆ, ಸಾಲು ಮುಗಿದಿಲ್ಲ. ಈ ನಡುವಿನ ಹೊತ್ತನ್ನು ಏನಾದರೂ ಒಂದು ತುಂಬಬೇಕಲ್ವಾ? ಅದು ಆರ್ಗನ್ ನುಡಿಸುವವರ ಕೆಲಸ. ಮದುವೆಯಲ್ಲಿ ಮದುಮಗಳು ತಡವಾಗಿ ಬಂದರೂ, ಕಾಣಿಕೆ ಚೀಲ ಹಿಂದಿನ ಬೆಂಚಿನಲ್ಲಿ ಸಿಕ್ಕಿಹಾಕಿಕೊಂಡರೂ ಅದೇ ಕತೆ.

ಆರ್ಗನ್ ಮೇಲಿನ ಇಂಪ್ರೊವೈಸೇಶನ್, ಅಂದರೆ ಬರೆದಿಟ್ಟದ್ದಿಲ್ಲದೆ ಅಲ್ಲೇ ಕಟ್ಟಿ ನುಡಿಸುವ ವಿದ್ಯೆ, ಹೆಚ್ಚಾಗಿ ಬೆಳೆದದ್ದೇ ಇಂಥ ಹೊತ್ತುಗಳನ್ನು ತುಂಬುವ ಅಗತ್ಯದಿಂದ. ಕೇಳಿದವರಿಗೆ ದೇವರೇ ಬಂದು ಬೆರಳಲ್ಲಿ ಕೂತ ಹಾಗೆ ಅನಿಸಬಹುದು. ನುಡಿಸುವವರ ಒಂದು ಕಣ್ಣು ಮಾತ್ರ ಪೀಠದ ಕಡೆಗೇ ಇರುತ್ತದೆ, ಫಾದರ್ ಯಾವಾಗ ಕೂರುತ್ತಾರೆ ಅಂತ.

ನಾನು ಪೇಟಿ ಕಲಿತವನು. ಈ ಊರಿನಲ್ಲಿ ಅದೇನು ದೊಡ್ಡ ಮಾತಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ವಿಜಾಪುರೆಯವರು ನೆಲೆಸಿ ಕಲಿಸಿದ ಊರಿದು. ಓಣಿಗೊಬ್ಬರಾದರೂ ಹಾರ್ಮೋನಿಯಂ ಹಿಡಿದವರು ಸಿಗುತ್ತಾರೆ. ಭಜನೆಗೆ, ಗಣಪತಿ ಹಬ್ಬಕ್ಕೆ ನುಡಿಸಿಕೊಂಡಿದ್ದ ನನ್ನನ್ನು ಗೆಳೆಯನೊಬ್ಬ ತಮ್ಮ ಚಿಕ್ಕ ಚರ್ಚಿಗೆ ಕರೆದುಕೊಂಡು ಹೋದ. ಅಲ್ಲಿ ಯಾರೋ ದಾನ ಕೊಟ್ಟ ಎಲೆಕ್ಟ್ರಾನಿಕ್ ಆರ್ಗನ್ ಇತ್ತು. ಕೈಗೆ ಎರಡು ಸಾಲು ಪಟ್ಟಿ, ಕಾಲಿಗೆ ಕೆಳಗೊಂದು ಸಾಲು ಕಟ್ಟಿಗೆಯ ಪೆಡಲ್. ದಿನಾ ನುಡಿಸುತ್ತಿದ್ದ ನಿವೃತ್ತ ಟೀಚರ್ ಒಬ್ಬರಿಗೆ ಮಂಡಿನೋವು ಜಾಸ್ತಿಯಾಗಿತ್ತು. ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಿದ್ದರು. ಅವರ ಬದಲಿಗೆ ನಾನು.

ಹಾಡು ಸರಿಯಾಗಿಯೇ ಹೋಯಿತು. ಕಾಣಿಕೆ ಹೊತ್ತಿಗೆ ಸುಮ್ನೆ ಆ ಹಾಡಿನ ಧಾಟಿಯ ಮೇಲೇ ಆಲಾಪ ಶುರು ಮಾಡಿದೆ. ಚೆನ್ನಾಗಿಯೇ ಇತ್ತು, ನನಗಂತೂ. ಫಾದರ್ ಪೀಠದ ಮುಂದೆ ಬಂದು ನಿಂತರು. ನಾನಿನ್ನೂ ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿದ್ದೆ. ಅವರು ಒಮ್ಮೆ ಕೆಮ್ಮಿದರು. ನಾನು ಮಧ್ಯ ಸಪ್ತಕಕ್ಕೆ ಬಂದೆ. ಅವರು ಹೋಗಿ ಕುರ್ಚಿಯ ಮೇಲೆ ಕೂತರು! ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಕೊನೆಗೆ ಎರಡೂ ಕೈ ಎತ್ತಿಬಿಟ್ಟೆ. ಹಗ್ಗ ಹರಿದ ಹಾಗೆ ಸದ್ದು ನಿಂತಿತು. ಹೊರಗೆ ಬಂದಾಗ ಅಕ್ಕೋರು ಕೇಳಿದ್ದು ಒಂದೇ ಮಾತು: "ಯಾಕಪಾ ತಮ್ಮಾ, ಚಾಲೂ ಮಾಡಾಕ ಬರತೈತಿ, ನಿಲ್ಲಸಾಕ ಬರಂಗಿಲ್ಲೇನು?"

ಅಕ್ಕೋರ ಪಾಠ ಶುರುವಾದದ್ದೇ ಅಲ್ಲಿಂದ. ಮೊದಲು ನಿಲ್ಲಿಸೋದು ಕಲಿ, ಆಮೇಲೆ ಶುರು ಮಾಡೋದು. ನಾನು ಈ ಲೇಖನವನ್ನೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ರಾಗ ಹಾಡುವಾಗ ನಮಗೆ ಮನೆಗೆ ಮರಳುವುದು ಗೊತ್ತು. ಸ ಮುಟ್ಟಿದರೆ ಮನೆ ಬಂತು. ತಾಳವಿದ್ದರೆ ಒಂದೇ ತುಣುಕನ್ನು ಮೂರು ಸಲ ಹೇಳುವ ತಿಹಾಯಿ ಹಾಕಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬೀಳುತ್ತೇವೆ. ಆರ್ಗನ್ ಮೇಲೆ ಒಂದೇ ಸ್ವರ ಮನೆಗೆ ಬಂದರೆ ಸಾಲದು, ಮನೆಮಂದಿಯೆಲ್ಲ ಒಟ್ಟಿಗೆ ಬರಬೇಕು. ಯಾಕಂದರೆ ಅಲ್ಲಿ ಸ್ವರಗಳು ಗುಂಪಾಗಿ ನಡೆಯುತ್ತವೆ. ಮೂರು ಸ್ವರ ಒಟ್ಟಿಗೆ ಒತ್ತಿದರೆ ಒಂದು ಕಾರ್ಡ್. ಸ-ಗ-ಪ ಮನೆಯ ಕಾರ್ಡ್. ಪ-ನಿ-ರಿ ಬಾಗಿಲಲ್ಲಿ ನಿಂತ ಕಾರ್ಡ್, ಒಳಗೆ ಬರಲು ಕಾಯುತ್ತಿರುತ್ತದೆ. ನಿಯನ್ನು ಒತ್ತಿ ಹಾಗೇ ಹಿಡಿದು ನೋಡಿ, ಕಿವಿಯೇ ಮೇಲಿನ ಸ ಕೇಳುತ್ತದೆ. ಪ-ನಿ-ರಿ ಆದ ಮೇಲೆ ಸ-ಗ-ಪ ಬಂದರೆ, ಸಂಗೀತ ಗೊತ್ತಿಲ್ಲದವರಿಗೂ ಮುಗಿಯಿತು ಅಂತ ಗೊತ್ತಾಗುತ್ತದೆ. ಇದಕ್ಕೆ ಕೇಡೆನ್ಸ್ ಅನ್ನುತ್ತಾರೆ. ಇನ್ನೊಂದು ಮೆತ್ತನೆಯ ಮುಕ್ತಾಯವಿದೆ: ಮ-ದ-ಸ ಆಗಿ ಸ-ಗ-ಪ. ಹಾಡಿನ ಕೊನೆಗೆ ಎಲ್ಲರೂ ಸೇರಿ "ಆ...ಮೆನ್" ಎಂದು ಎಳೆಯುವುದು ಇದರ ಮೇಲೇ.

ಇವೆರಡನ್ನು ಎಲ್ಲಿಂದ ಬೇಕಾದರೂ ಹಿಡಿಯಲು ಬಂದರೆ ಅರ್ಧ ಭಯ ಹೋದ ಹಾಗೆ. ಆದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಮೂರನೆಯದು. ಪ-ನಿ-ರಿ ನುಡಿಸಿ, ಎಲ್ಲರೂ ಇನ್ನೇನು ಮುಗಿಯಿತು ಅಂದುಕೊಳ್ಳುವಾಗ ಸ-ಗ-ಪ ಬದಲು ದ-ಸ-ಗ ನುಡಿಸುವುದು. ಮನೆಯ ಎರಡು ಸ್ವರ, ಸ ಮತ್ತು ಗ, ಇದರಲ್ಲೂ ಇವೆ. ಅದಕ್ಕೇ ಅಪರಿಚಿತ ಅನಿಸುವುದಿಲ್ಲ. ಆದರೆ ಕೆಳಗೆ ದ ಇರುವುದರಿಂದ ಮನೆಯೂ ಅನಿಸುವುದಿಲ್ಲ. ಬಾಗಿಲಿಗೆ ಬಂದವರು "ಹಾಂ, ಇನ್ನೊಂದು ಮಾತು" ಅಂತ ಕಟ್ಟೆಯ ಮೇಲೆ ಕೂತ ಹಾಗೆ. ಸಾಲಿನಲ್ಲಿ ಇನ್ನೂ ಹತ್ತು ಜನ ಇದ್ದಾರೆ ಅಂತ ಕಂಡರೆ ಇದನ್ನು ಹಾಕಬೇಕು. ಅರ್ಧ ನಿಮಿಷ ಸಿಗುತ್ತದೆ. ಎರಡು ಸಲ ಹಾಕಿದರೂ ನಡೆಯುತ್ತದೆ. ಮೂರನೇ ಸಲಕ್ಕೆ ಜನ ತಿರುಗಿ ನೋಡುತ್ತಾರೆ.

ಈಗ ಧಾಟಿಗೆ ಬರೋಣ. ಎಲ್ಲಿಂದ ತರುವುದು? ಎಲ್ಲಿಂದಲೂ ತರಬೇಕಾಗಿಲ್ಲ. ಈಗಷ್ಟೇ ಹಾಡಿದ ಹಾಡಿನ ಒಂದು ಸಾಲು ಸಾಕು. ಗಾಯಕರು ಒಂದು ಜಾಗ ಬಿಟ್ಟ ಕೂಡಲೇ ಸಾಥ್‌ಗೆ ಕೂತ ಪೇಟಿಯವರು ಅದೇ ತುಣುಕನ್ನು ಎತ್ತಿಕೊಳ್ಳುತ್ತಾರಲ್ಲ, ಹಾಗೆ. 1551ರಲ್ಲಿ ಜಿನೀವಾದಲ್ಲಿ ಅಚ್ಚಾದ ಒಂದು ಧಾಟಿ ಇದೆ. ಇವತ್ತಿಗೂ ಜಗತ್ತಿನ ತುಂಬ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಅದನ್ನು ಹಾಡುತ್ತಾರೆ. ಮೊದಲ ಸಾಲು ಇಷ್ಟೇ:

ಸ ಸ ನಿ ದ ಪ ಸ ರಿ ಗ

ಮೊದಲ ಸ ಮಧ್ಯದ್ದು. ಅಲ್ಲಿಂದ ಮಂದ್ರದ ಪ ತನಕ ಇಳಿದು ಮತ್ತೆ ಗ ತನಕ ಏರುತ್ತದೆ. ಪೇಟಿ ಇದ್ದವರು ಒಮ್ಮೆ ನುಡಿಸಿ ನೋಡಿ. ಎಂಟೇ ಸ್ವರ, ಆದರೆ ನಡೆ ಗಟ್ಟಿ.

ಇದಕ್ಕೆ ಕಾರ್ಡ್ ಕೂಡಿಸಬೇಕು. ಮೇಲೆ ಹೇಳಿದ ಮೂರು ಕಾರ್ಡ್‌ಗಳನ್ನೇ ನೋಡಿ: ಸ-ಗ-ಪ, ಮ-ದ-ಸ, ಪ-ನಿ-ರಿ. ಏಳೂ ಶುದ್ಧ ಸ್ವರ ಇವುಗಳಲ್ಲಿ ಬಂದುಬಿಟ್ಟವು. ಹಾಗಾಗಿ ಬಿಲಾವಲ್ ಥಾಟದ, ಅಂದರೆ ಈ ಏಳು ಶುದ್ಧ ಸ್ವರಗಳದ್ದೇ, ಯಾವ ಧಾಟಿಗಾದರೂ ಈ ಮೂರರಲ್ಲಿ ಒಂದು ಹೊಂದಿಯೇ ಹೊಂದುತ್ತದೆ. ಮೊದಲೆರಡು ಸಗೆ ಮನೆಯ ಕಾರ್ಡ್. ನಿಗೆ ಪ-ನಿ-ರಿ. ಆಮೇಲೆ ದ. ಲೆಕ್ಕದ ಪ್ರಕಾರ ಮ-ದ-ಸ ಹಾಕಬೇಕು. ಹಾಕಿದೆ. ಎಡವಿದ ಹಾಗೆ ಕೇಳಿಸಿತು. ಯಾಕೆ? ಪ-ನಿ-ರಿಯಿಂದ ಮ-ದ-ಸಗೆ ಹೋದರೆ ಮೂರೂ ಸ್ವರ ಒಂದೊಂದು ಮೆಟ್ಟಿಲು ಒಟ್ಟಿಗೇ ಜಾರುತ್ತವೆ. ಮೂವರು ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಜಾರಿದ ಹಾಗೆ. ಆಗ ಅಕ್ಕೋರು ನನ್ನ ಎಡಗಾಲನ್ನು ತಮ್ಮ ಊರುಗೋಲಿನಿಂದ ಮುಟ್ಟಿ, "ಮ್ಯಾಲಿನವ ಇಳದರ ಕೆಳಗಿನವ ಏರಬೇಕು" ಅಂದರು. ಅಂದರೆ ಬಲಗೈ ನಿಯಿಂದ ದಗೆ ಇಳಿಯುವಾಗ ಕಾಲು ಪದಿಂದ ದಗೆ ಏರಬೇಕು. ಆಗ ಕಾರ್ಡ್ ದ-ಸ-ಗ ಆಗುತ್ತದೆ. ಮಾಡಿ ನೋಡಿದೆ. ಅದೇ ಸಾಲು ಇದ್ದಕ್ಕಿದ್ದಂತೆ ಚರ್ಚಿನ ಸಂಗೀತವಾಯಿತು. ಇಡೀ ಪಾಶ್ಚಾತ್ಯ ಹಾರ್ಮನಿಯ ಪಾಠದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದೇ. ಮೇಲಿನ ದನಿ, ಕೆಳಗಿನ ದನಿ ಎದುರುಬದುರು ನಡೆಯಬೇಕು. ನಡುವಿನವು ಆದಷ್ಟು ಕೂತಲ್ಲೇ ಕೂತಿರಬೇಕು.

ರಾಗ ಕಲಿತವರಿಗೆ ಕಷ್ಟ ಆಗುವುದು ಇಲ್ಲಿ. ನಮ್ಮ ಬಢತ್, ಅಂದರೆ ರಾಗವನ್ನು ಮೆಲ್ಲಗೆ ಬೆಳೆಸುವುದು, ಒಂದೇ ಗೆರೆ. ಆ ಗೆರೆಯಲ್ಲಿ ಮೀಂಡ್, ಕಣ, ಗಮಕ ಅಂತ ಸ್ವರದ ಅಲಂಕಾರ ಏನೆಲ್ಲ ಇದೆ. ಆರ್ಗನ್ನಿನವರು ಹಿಡಿಯುವುದು ನಾಲ್ಕು ಗೆರೆ, ಅದರಲ್ಲಿ ಒಂದು ಕಾಲಲ್ಲಿ. ಬೆರಳಿಗೆ ಬುದ್ಧಿ ಇದೆ ಅಂತ ನಾನು ನಂಬಿದ್ದೆ. ಕಾಲಿಗೂ ಕಲಿಸಬೇಕು ಅಂತ ನಲವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ದೊಡ್ಡ ಆರ್ಗನ್ನುಗಳಲ್ಲಿ ಕಾಲಿಗೆ 30 ಅಥವಾ 32 ಪೆಡಲ್ ಇರುತ್ತವೆ. ಕೆಳಗೆ ನೋಡದೆ, ಹಿಮ್ಮಡಿ ಮತ್ತು ತುದಿಗಾಲು ಎರಡರಿಂದಲೂ ಅವನ್ನು ಒತ್ತಬೇಕು. ತೆಳು ಅಟ್ಟೆಯ, ಸ್ವಲ್ಪ ಹಿಮ್ಮಡಿ ಇರುವ ಷೂ ಬೇಕು. ನಾನು ಶುರುವಿನಲ್ಲಿ ಕಾಲುಚೀಲದಲ್ಲಿ ನುಡಿಸಿ ಎರಡೆರಡು ಪೆಡಲ್ ಒಟ್ಟಿಗೆ ಒತ್ತಿದ್ದೇನೆ.

ಕಾಲು ಇನ್ನೂ ಮಾತು ಕೇಳದ ದಿನಗಳಿಗೆ ಒಂದು ಉಪಾಯ ಇದೆ. ಒಂದೇ ಪೆಡಲ್ ಒತ್ತಿ ಹಿಡಿದು, ಮೇಲೆ ಕೈ ಆಡಿಸುವುದು. ಇದಕ್ಕೆ ಪೆಡಲ್ ಪಾಯಿಂಟ್ ಅನ್ನುತ್ತಾರೆ. ನಮಗಿದು ಹುಟ್ಟಿದಾಗಿನಿಂದ ಗೊತ್ತು, ತಂಬೂರಿ! ಆದರೆ ಅವರು ಅದನ್ನು ಬಳಸುವುದು ಬೇರೆ ರೀತಿ. ನಮ್ಮ ತಂಬೂರಿ ಮೊದಲಿಂದ ಕೊನೆಯವರೆಗೂ ಮಿಡಿಯುತ್ತದೆ. ಅವರು ಕೆಳಗಿನ ಪವನ್ನು ಮುಕ್ತಾಯದ ಮುಂಚೆ ಹಿಡಿಯುತ್ತಾರೆ. ಮೇಲೆ ಏನೇನೋ ಕಾರ್ಡ್ ಬಂದು ಹೋಗುತ್ತವೆ, ಪ ಬಿಡುವುದಿಲ್ಲ. ಮೋಡ ಕಟ್ಟಿದ ಹಾಗೆ ಒತ್ತಡ ಏರುತ್ತದೆ. ಆಮೇಲೆ ಸಗೆ ಇಳಿದಾಗ ಮಳೆ ಬಂದ ಹಾಗೆ. ಕೊನೆಗೆ ಆ ಸವನ್ನೂ ಸ್ವಲ್ಪ ಹೊತ್ತು ಹಿಡಿದರೆ ಬಾಗಿಲು ಪೂರ್ತಿ ಮುಚ್ಚಿತು.

ಸರಿ, ಒಂದು ಸಾಲಿಗೆ ಕಾರ್ಡ್ ಬಂತು. ಆದರೆ ಅದನ್ನೇ ನಾಲ್ಕು ಸಲ ನುಡಿಸಿದರೆ ಜನ ಆಕಳಿಸುತ್ತಾರೆ. ಸಾಲನ್ನು ಒಡೆಯಬೇಕು. ಮೊದಲ ನಾಲ್ಕು ಸ್ವರ ನೋಡಿ: ಸ ಸ ನಿ ದ. ಇದನ್ನು ಕನ್ನಡಿಯಲ್ಲಿ ಹಿಡಿದರೆ, ಇಳಿಯುವ ಕಡೆ ಏರಿದರೆ, ಸ ಸ ರಿ ಗ. ಈಗ ಸಾಲಿನ ಬಾಲ ನೋಡಿ: ಸ ರಿ ಗ. ಧಾಟಿ ಕಟ್ಟಿದವನೇ ತಲೆಯ ಕನ್ನಡಿಯನ್ನು ಬಾಲದಲ್ಲಿ ಇಟ್ಟಿದ್ದಾನೆ! ನಾನಿದನ್ನು ಗಮನಿಸಿದ್ದು ನೂರಾರು ಸಲ ನುಡಿಸಿದ ಮೇಲೆ. ಇಂಥ ತುಣುಕು ಸಿಕ್ಕರೆ ಅರ್ಧ ಕೆಲಸ ಆಯಿತು. ಅದನ್ನು ಎರಡು ಪಟ್ಟು ನಿಧಾನ ಮಾಡಿ ಕಾಲಿಗೆ ಕೊಡಬಹುದು. ದುಪ್ಪಟ್ಟು ವೇಗ ಮಾಡಿ ಬಲಗೈಗೆ ಕೊಡಬಹುದು. ಒಂದು ಕೈ ಶುರು ಮಾಡಿ ಎರಡು ಮಾತ್ರೆ ಆದ ಮೇಲೆ ಇನ್ನೊಂದು ಕೈ ಅದನ್ನೇ ಹಿಂಬಾಲಿಸಬಹುದು. ಹಿಂಬಾಲಿಸುವ ಕೈ ಸ ಬದಲು ಪದಿಂದ ಹೊರಟರೆ ಸಾಲು ಹೀಗಾಗುತ್ತದೆ: ಪ ಪ ಮ ಗ ರಿ ಪ ದ ನಿ. ಆ ಮ ತೀವ್ರ, ಶುದ್ಧ ಮಗಿಂತ ಅರ್ಧ ಮೆಟ್ಟಿಲು ಮೇಲಿನದು. ತೀವ್ರ ಮ ಬಂದ ಕೂಡಲೇ ಪವೇ ಹೊಸ ಸ ಆಗಿಬಿಟ್ಟ ಹಾಗೆ ಕೇಳುತ್ತದೆ. ಒಂದೇ ಧಾಟಿಯನ್ನು ಹಲವು ದನಿಗಳು ಒಂದರ ಹಿಂದೊಂದು ಹಿಂಬಾಲಿಸುವ, ಫ್ಯೂಗ್ ಅನ್ನುವ ದೊಡ್ಡ ಕಟ್ಟಡದ ಬಾಗಿಲು ಇದೇ. ಒಳಗೆ ಹೋದರೆ ವರ್ಷಗಳು ಬೇಕು. ನಾನಿನ್ನೂ ಹೊಸ್ತಿಲಲ್ಲೇ ಇದ್ದೇನೆ.

ಅದು ಎಷ್ಟು ಕಷ್ಟ ಅನ್ನುವುದಕ್ಕೆ ಜರ್ಮನಿಯ ಸಂಗೀತಗಾರ ಬಾಖ್‌ನ ಕತೆ ಕೇಳಿ. 1747ರ ಮೇ ತಿಂಗಳಲ್ಲಿ ಆತ ಪಾಟ್ಸ್‌ಡಾಮ್ ಅರಮನೆಗೆ ಹೋದ. ಪ್ರಷ್ಯದ ರಾಜ ಎರಡನೇ ಫ್ರೆಡರಿಕ್ ತಾನೇ ಒಂದು ಧಾಟಿ ಕೊಟ್ಟ, ಇದರ ಮೇಲೆ ಫ್ಯೂಗ್ ಕಟ್ಟು ಅಂದ. ಬಾಖ್ ಅಲ್ಲೇ ಕೂತು ಮೂರು ದನಿಯ ಫ್ಯೂಗ್ ನುಡಿಸಿದ. ಹಾಗಾದರೆ ಆರು ದನಿಯದು ಆಗಲಿ ಅಂದಾಗ ಬಾಖ್ ರಾಜನ ಧಾಟಿ ಬಿಟ್ಟು ತನಗೆ ಹೊಂದುವ ಇನ್ನೊಂದು ಧಾಟಿ ಆರಿಸಿಕೊಂಡ. ರಾಜನ ಧಾಟಿಯ ಮೇಲೆ ಆರು ದನಿಯನ್ನು ಬರೆದದ್ದು ಲೈಪ್ಸಿಗ್‌ಗೆ ಮರಳಿ ಕಾಗದದ ಮೇಲೆ. ಬಾಖ್‌ನಂಥವನೇ ಅಲ್ಲಿ "ಇದು ಈಗ ಆಗದು" ಅಂತ ಅಳೆದು ನೋಡಿದ ಅಲ್ವಾ? ಆಶುವಾದನದಲ್ಲಿ ಅರ್ಧ ವಿದ್ಯೆ ಈ ಅಳತೆಯಲ್ಲಿದೆ ಅಂತ ನನ್ನ ಲೆಕ್ಕ. ಯಾವ ಧಾಟಿ ನಿಮ್ಮ ಕೈಗೆ ಎಷ್ಟು ದೂರ ಬರುತ್ತದೆ ಅನ್ನುವುದು ಮೊದಲ ಎರಡು ಸಾಲಿನಲ್ಲೇ ತಿಳಿಯಬೇಕು.

ನಮ್ಮವರಿಗೆ ಸುಲಭ ಆಗುವ ಜಾಗವೂ ಒಂದಿದೆ. ಕೆಥೊಲಿಕ್ ಚರ್ಚಿನ ಹಳೆಯ ಗ್ರೆಗೋರಿಯನ್ ಪಠಣ ಮೋಡ್ ಎಂಬ ಸ್ವರಸಾಲುಗಳ ಮೇಲೆ ನಡೆಯುತ್ತದೆ. ಫ್ರಾನ್ಸಿನ ಆರ್ಗನ್ ವಾದಕರು ಅವುಗಳ ಮೇಲೆ ಗಂಟೆಗಟ್ಟಲೆ ಕಟ್ಟಬಲ್ಲರು. ಡೋರಿಯನ್ ಅಂದರೆ ಸ್ವರಗಳ ಲೆಕ್ಕದಲ್ಲಿ ನಮ್ಮ ಕಾಫಿ ಥಾಟ. ಫ್ರಿಜಿಯನ್ ಅಂದರೆ ಭೈರವಿ. ಲಿಡಿಯನ್ ಕಲ್ಯಾಣ, ಮಿಕ್ಸೊಲಿಡಿಯನ್ ಖಮಾಜ. ಪಾಶ್ಚಾತ್ಯ ವಿದ್ಯಾರ್ಥಿಗೆ ಇವನ್ನು ಬಾಯಿಪಾಠ ಮಾಡಿಸಬೇಕು. ಬೆಳಗಾವಿಯ ಪೇಟಿ ಕ್ಲಾಸಿನ ಹುಡುಗಿ ಎರಡನೇ ವರ್ಷಕ್ಕೇ ನುಡಿಸುತ್ತಾಳೆ. ಸಿಕ್ಕಿಬೀಳುವುದು ಸ ಜಾಗ ಬದಲಿಸುವಾಗ. ನಮ್ಮ ಸ ಕಲ್ಲಿನಲ್ಲಿ ಕೆತ್ತಿದ್ದು. ಅವರ ಸ ನಡುದಾರಿಯಲ್ಲಿ ಗಾಡಿ ಬದಲಿಸಿದ ಹಾಗೆ ಬದಲಾಗುತ್ತದೆ. ಅದು ಒಗ್ಗಲು ನನಗೆ ಒಂದು ವರ್ಷ ಬೇಕಾಯಿತು.

ಇನ್ನು ಬಣ್ಣ. ಆರ್ಗನ್ನಿನ ಪಟ್ಟಿಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಅಷ್ಟೇ. ಪೇಟಿಯಲ್ಲಾದರೆ ಭಾತಾದಿಂದ, ಅಂದರೆ ಗಾಳಿ ಹಾಕುವ ತಿದಿಯಿಂದ, ಉಸಿರು ಏರಿಳಿಸಬಹುದು. ಇಲ್ಲಿ ಆ ಕೆಲಸ ಸ್ಟಾಪ್‌ಗಳದ್ದು. ಒಂದೊಂದು ಸ್ಟಾಪ್ ಎಳೆದರೆ ಒಂದೊಂದು ಸಾಲು ಕೊಳವೆ ಮಾತಾಡುತ್ತವೆ. ಮೇಲೆ 8, 4, 16 ಅಂತ ಬರೆದಿರುತ್ತದೆ. ಅದು ಅಡಿ ಲೆಕ್ಕ. ಆ ಸಾಲಿನ ಅತಿ ಕೆಳಗಿನ ಸ್ವರದ ಕೊಳವೆ ಸುಮಾರು 8 ಅಡಿ ಉದ್ದ ಇದ್ದರೆ ಒತ್ತಿದ ಸ್ವರವೇ ಬರುತ್ತದೆ. 16 ಅಂದರೆ ಒಂದು ಸಪ್ತಕ ಕೆಳಗೆ, 4 ಅಂದರೆ ಒಂದು ಸಪ್ತಕ ಮೇಲೆ. ನಮ್ಮ ಪೇಟಿಯಲ್ಲಿ ಖರ್ಜ, ನರ, ಮಾದಿ ಎಂಬ ಕೆಳಗಿನ, ನಡುವಿನ, ಮೇಲಿನ ದನಿಯ ರೀಡ್‌ಗಳು ಇದ್ದ ಹಾಗೆ. ಆದರೆ 2⅔ ಅಂತ ಒಂದು ಇರುತ್ತದೆ. ಸ ಒತ್ತಿದರೆ ಮೇಲಿನ ಸಪ್ತಕದ ಪ ಕೂಗುತ್ತದೆ! ಮೊದಲ ಸಲ ಅದೊಂದನ್ನೇ ಎಳೆದು ನುಡಿಸಿ ಯಂತ್ರ ಕೆಟ್ಟಿದೆ ಅಂದುಕೊಂಡಿದ್ದೆ. ಅದು ಬೇರೆ ಸ್ಟಾಪ್ ಜೊತೆ ಬೆರೆಸಲು ಇರುವುದು, ಒಗ್ಗರಣೆಗೆ ಇಂಗು ಇದ್ದ ಹಾಗೆ.

ಕೋಣೆಯೂ ವಾದ್ಯದ ಒಂದು ಭಾಗ. ವಿಜಯಪುರದ ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಚಪ್ಪಾಳೆ ಮರಳಿ ಬರುತ್ತಿರುವಾಗ ಇನ್ನೊಂದು ತಟ್ಟಿದರೆ ಬರೀ ಗದ್ದಲ. ದೊಡ್ಡ ಕೆಥೆಡ್ರಲ್‌ಗಳಲ್ಲಿ ಹೀಗೆ ಎಣಿಸುವ ಪ್ರತಿಧ್ವನಿ ಇರುವುದಿಲ್ಲ. ಪಟ್ಟಿ ಬಿಟ್ಟ ಮೇಲೂ ಸದ್ದು ಐದಾರು ಸೆಕೆಂಡ್ ತೇಲುತ್ತಾ ಇರುತ್ತದೆ. ಅಲ್ಲಿ ಓಡುವ ತಾನ್ ಹಾಕಿದರೆ ಗೋಲಗುಮ್ಮಟದ ಶಾಲಾ ಪ್ರವಾಸದ ಗದ್ದಲವೇ ಆಗುತ್ತದೆ. ಹಾಗಾಗಿ ಒಳ್ಳೆಯ ವಾದಕರು ಕಾರ್ಡ್ ನಡುವೆ ಬಿಡುವು ಬಿಡುತ್ತಾರೆ, ಗೋಡೆಗಳ ಮಾತು ಮುಗಿಯಲಿ ಅಂತ. ಪ್ಯಾರಿಸ್ಸಿನ ನೋತ್ರ್ ದಾಮ್ 2019ರ ಬೆಂಕಿಯ ನಂತರ 2024ರ ಡಿಸೆಂಬರ್ 7ರಂದು ಮತ್ತೆ ತೆರೆದಾಗ ಆರ್ಚ್‌ಬಿಷಪ್ ಎಂಟು ಸಲ ಆರ್ಗನ್ನನ್ನು ಹೆಸರು ಹಿಡಿದು ಕರೆದರು. ಸುಮಾರು 8000 ಕೊಳವೆಯ ಆ ವಾದ್ಯದಿಂದ ನಾಲ್ವರು ವಾದಕರು ಸರದಿಯಂತೆ ಉತ್ತರ ಕೊಟ್ಟರು, ಎಲ್ಲವೂ ಅಲ್ಲೇ ಕಟ್ಟಿದ್ದು. ವಿಡಿಯೊ ಸಿಕ್ಕರೆ ನೋಡಿ. ಆರ್ಚ್‌ಬಿಷಪ್ ಮತ್ತೆ ಬಾಯಿ ತೆರೆಯುವ ಮೊದಲು ಸಂಗೀತ ಹೇಗೆ ನಿಲ್ಲುತ್ತದೆ ಅನ್ನುವುದನ್ನು ನಾನಂತೂ ಆರೇಳು ಸಲ ಹಿಂದಕ್ಕೆ ತಿರುಗಿಸಿ ಕೇಳಿದ್ದೇನೆ.

ನಮ್ಮಲ್ಲಿ ಕೊಳವೆಯ ಆರ್ಗನ್ ಎಲ್ಲಿಂದ ತರೋಣ ಅಂತ ನೀವು ಕೇಳಬಹುದು. ಬೇಕಾಗಿಲ್ಲ. ಮನೆಯ ಕೀಬೋರ್ಡನ್ನು ಕಂಪ್ಯೂಟರ್‌ಗೆ ಜೋಡಿಸಿ ಗ್ರಾಂಡ್‌ಆರ್ಗ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ನಿಜವಾದ ಚರ್ಚುಗಳಲ್ಲಿ ರೆಕಾರ್ಡ್ ಮಾಡಿದ ಕೊಳವೆಗಳ ದನಿ ಬರುತ್ತದೆ. ಕರೆಂಟ್ ಹೋದರೆ ಪೇಟಿ ಇದ್ದೇ ಇದೆ. ಅದೇನೂ ದೂರದ ನೆಂಟನಲ್ಲ. ಹಾರ್ಮೋನಿಯಂ ಹೆಸರಿನಲ್ಲಿ 1842ರಲ್ಲಿ ಪ್ಯಾರಿಸ್‌ನ ದೆಬೇನ್ ಪೇಟೆಂಟ್ ಪಡೆದದ್ದು ಕಾಲಿನಿಂದ ಗಾಳಿ ಹಾಕುವ ವಾದ್ಯಕ್ಕೆ. ನಮ್ಮ ನಾಟಕ ಕಂಪನಿಗಳ ಕಾಲ್ಪೇಟಿ ಅದರ ಮೊಮ್ಮಗ. ಕೈಪೇಟಿಯಲ್ಲೇ ಅಭ್ಯಾಸ ಮಾಡುವುದಾದರೆ ಎಡಗೈ ಭಾತಾಕ್ಕೆ ಹೋಗುತ್ತದೆ, ಬಲಗೈ ಐದು ಬೆರಳಲ್ಲೇ ಧಾಟಿ ಮತ್ತು ಒಂದು ನಿಂತ ಸ್ವರ ಎರಡನ್ನೂ ಹಿಡಿಯಬೇಕು. ಬೆರಳು ನೋಯುತ್ತದೆ, ಆದರೆ ಎರಡು ಗೆರೆ ಕೇಳುವ ಕಿವಿ ಬರುತ್ತದೆ.

ತೀರಾ ಹೊಸಬರಿಗೆ ನನ್ನ ಸಲಹೆ ಕಪ್ಪು ಪಟ್ಟಿಗಳು. ಮೂರನೇ ಕಪ್ಪನ್ನು ಸ ಮಾಡಿಕೊಂಡರೆ ಐದೂ ಕಪ್ಪು ಸೇರಿ ಐದು ಸ್ವರದ ಭೂಪ್ ರಾಗ ಆಗುತ್ತದೆ. ಯಾವ ಎರಡು ಒತ್ತಿದರೂ ಕಿವಿ ಕಚ್ಚುವುದಿಲ್ಲ. ಎಡಗೈಯಲ್ಲಿ ಸ-ಪ ಹಿಡಿದು ಬಲಗೈಯಲ್ಲಿ ತೋಚಿದ್ದು ನುಡಿಸಿ. ಒಂದು ಪ್ರಶ್ನೆಯ ಸಾಲು, ಒಂದು ಉತ್ತರದ ಸಾಲು. ಪ್ರಶ್ನೆ ಪ ಮೇಲೆ ನಿಲ್ಲಲಿ, ಉತ್ತರ ಸ ಮೇಲೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾತ್ರ ಕೆಥೊಲಿಕ್ ಚರ್ಚಿನಲ್ಲಿ ಇದನ್ನೆಲ್ಲ ಹೊರಗೆ ತೆಗೆಯಬೇಡಿ. ಕೆಲವು ದಿನ ಬಿಟ್ಟರೆ ಆಗ ಆರ್ಗನ್ ಇರುವುದು ಹಾಡಿಗೆ ಆಸರೆಯಾಗಿ ಅಷ್ಟೇ. ಆ ನಲವತ್ತು ದಿನ ಮನೆಯಲ್ಲಿ ಅಭ್ಯಾಸಕ್ಕೆ ಒಳ್ಳೆಯದು.

ಅಕ್ಕೋರು ಹೇಳಿಕೊಟ್ಟ ಅಭ್ಯಾಸವೊಂದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಯಾರಾದರೂ ಒಬ್ಬರು ಹಿಂದೆ ಕೂರಬೇಕು. ನೀವು ಕಟ್ಟುತ್ತಾ ಹೋಗಬೇಕು. ಅವರು ಮನಸ್ಸು ಬಂದಾಗ ಕೈ ಎತ್ತುತ್ತಾರೆ. ಎದುರಿಗೊಂದು ಕನ್ನಡಿ ಇಟ್ಟುಕೊಂಡರೆ ಕಾಣುತ್ತದೆ. ಕೈ ಎದ್ದ ಮೇಲೆ ಎಂಟು ಮಾತ್ರೆಯೊಳಗೆ ಸ-ಗ-ಪಗೆ ಬಂದು, ಹಿಡಿದು, ಬಿಡಬೇಕು. ಗಾಬರಿಯಲ್ಲಿ ಓಡಬಾರದು. ಮೊದಲ ತಿಂಗಳು ನಾನು ಹತ್ತರಲ್ಲಿ ಎರಡು ಸಲ ಗೆದ್ದಿದ್ದರೆ ಹೆಚ್ಚು.

ಈಗ ಹಿಂದೆ ಕೂರುವುದು ನನ್ನ ಒಂಬತ್ತು ವರ್ಷದ ಮಗಳು. ಅವಳಿಗಿದು ಆಟ. ಮೊನ್ನೆ ನಾನು ಸ್ಟಾಪ್ ಎಳೆದು, ಷೂ ಸರಿಮಾಡಿಕೊಂಡು, ಮೊದಲ ಸ ಒತ್ತಲು ಬೆರಳು ಇಳಿಸುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ ಕೈ ಆಗಲೇ ಎದ್ದಿತ್ತು.